ಜಠರಸ್ನೇಹಿ ನೋವುನಿವಾರಕಗಳು ಮತ್ತು ಪಟಾನ್‌ಚೆರು ಔಷಧ ವಲಯ

ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರಾಕ್ಸೆನ್ ಮುಂತಾದ ನೋವುನಿವಾರಕಗಳು ನೋವು, ಜ್ವರ, ಬಾವುಗಳನ್ನು ಇಳಿಸುವ ಜೊತೆಗೇ ಜಠರದ ಒಳಪೊರೆಯನ್ನೂ ಕೆಡಿಸುತ್ತವೆ. ಈ ಕೆಡುಕು ಕಡಿಮೆಯಾಗುವಂತೆ ಅಣುವನ್ನೇ ಮಾರ್ಪಡಿಸಿ, ಇಲ್ಲವೇ ಮಾತ್ರೆಯ ಕಟ್ಟಣೆಯನ್ನು ಬದಲಿಸಿ, ಇಲ್ಲವೇ ಹೊಟ್ಟೆ ಕಾಯುವ ಇನ್ನೊಂದು ಔಷಧವನ್ನು ಜೊತೆಗೂಡಿಸಿ ತಯಾರಿಸಿದವು ಜಠರಸ್ನೇಹಿ ನೋವುನಿವಾರಕಗಳು. ಸುಮಾರು 125 ವರ್ಷಗಳಿಂದ ನಡೆದಿರುವ ಈ ಹುಡುಕಾಟದಲ್ಲಿ ಪೂರ್ತಿ ಗೆದ್ದ ಮಾತ್ರೆ ಒಂದೂ ಇಲ್ಲ. ಹೊಟ್ಟೆಗೆ ತಪ್ಪಿದ ಹಾನಿ ಹೃದಯಕ್ಕೋ ಯಕೃತ್ತಿಗೋ ಸಣ್ಣಕರುಳಿಗೋ ಸರಿದಿರುವುದೇ ಹೆಚ್ಚು.

ಭಾರತದಲ್ಲಿ ಈ ಬಗೆಯ ಔಷಧಗಳ ತಯಾರಿಕೆಗೆ ಹೆಸರಾದ ಪ್ರದೇಶಗಳಲ್ಲೊಂದು ಹೈದರಾಬಾದಿನ ವಾಯವ್ಯ ಅಂಚು. ಬಾಲಾನಗರ, ಜೀಡಿಮೆಟ್ಲ, ಬೊಲ್ಲಾರಂ, ಬೊಂತಪಲ್ಲಿ, ಪಾಶಮೈಲಾರಂ, ಪಟಾನ್‌ಚೆರು ಎಂದು ಸಾಲಾಗಿ ಹಬ್ಬಿದ ಕಾರ್ಖಾನೆ ವಲಯವಿದು. ಹುಮನಾಬಾದಿನಿಂದ ಜಹೀರಾಬಾದ್, ಸಂಗಾರೆಡ್ಡಿ ಹಾದು ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ನಗರದ ನಡುಭಾಗ ಇನ್ನು 30 ಕಿ.ಮೀ.ಯಷ್ಟಿದೆ ಎನ್ನುವಾಗ ಪಟಾನ್‌ಚೆರು ಸಿಗುತ್ತದೆ. ಬೀದರ್ ಕಡೆಯವರಿಗೆ ದಿನನಿತ್ಯದ ದಾರಿ. ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ನೆಲೆವೀಡಾಗಿದ್ದ ಪೊಟ್ಟಳಕೆರೆ ಇದೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಕೃಷಿ ಬಲ್ಲವರಿಗೆ ಇದು 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯ ಊರು; ಔಷಧ ವ್ಯಾಪಾರಿಗಳಿಗೆ ‘ಬಲ್ಕ್ ಡ್ರಗ್’ ಊರು.

ಬಲ್ಕ್ ಡ್ರಗ್ ಎಂದರೆ ಮಾತ್ರೆಯಾಗುವ ಮುನ್ನ ಡ್ರಮ್ಮುಗಳಲ್ಲಿ ಸಾಗುವ ಮೂಲ ಔಷಧದ ಪುಡಿ. ಈ ಉದ್ಯಮದ ಬೇರು ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್ ಎಂಬ ಸರ್ಕಾರಿ ಸಂಸ್ಥೆಯಲ್ಲಿದೆ. 1961ರಲ್ಲಿ ಸ್ಥಾಪನೆಯಾದ ಅದು ಸೋವಿಯತ್ ನೆರವಿನಿಂದ ಬಾಲಾನಗರದಲ್ಲಿ ಸಂಶ್ಲೇಷಿತ ಔಷಧಗಳ ಕಾರ್ಖಾನೆ ಕಟ್ಟಿತು. ಅಲ್ಲಿ ಕೆಲಸ ಕಲಿತ ರಸಾಯನಶಾಸ್ತ್ರಜ್ಞರು ಹೊರಬಂದು ಸುತ್ತಮುತ್ತ ಸ್ವಂತ ಘಟಕಗಳನ್ನು ಹೂಡಿದರು. 1970ರ ಪೇಟೆಂಟ್ ಕಾಯ್ದೆ ಅಣುವಿಗೆ ಪೇಟೆಂಟ್ ಕೊಡದೆ ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಡುತ್ತಿದ್ದುದರಿಂದ, ಹೊರದೇಶದ ಔಷಧವನ್ನು ಬೇರೆ ದಾರಿಯಲ್ಲಿ ತಯಾರಿಸುವ ಜಾಣ್ಮೆಗೆ ಬೆಲೆ ಬಂತು. ಈ ಸ್ಥಿತಿ 2005ರವರೆಗೆ ಇತ್ತು. ಬಾಲಾನಗರದಿಂದ ಹೊರಬಂದವರಲ್ಲಿ ಕಲ್ಲಂ ಅಂಜಿರೆಡ್ಡಿ ಒಬ್ಬರು. 1984ರಲ್ಲಿ ಅವರು ಆರಂಭಿಸಿದ ಡಾ. ರೆಡ್ಡೀಸ್ ಲ್ಯಾಬೊರೇಟರೀಸ್ 1987ರಲ್ಲಿ ಅಮೆರಿಕದ ಔಷಧ ನಿಯಂತ್ರಕರಿಂದ ಮೊದಲ ಒಪ್ಪಿಗೆ ಪಡೆದದ್ದು ನೋವಿನ ಔಷಧಕ್ಕೇ, ಐಬುಪ್ರೊಫೆನ್ ಪುಡಿಗೆ. ಬೊಂತಪಲ್ಲಿಯಲ್ಲಿ ಗ್ರ್ಯಾನ್ಯೂಲ್ಸ್ ಇಂಡಿಯಾ ಭಾರೀ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ತಯಾರಿಸುತ್ತದೆ. ನಗರದ ಇನ್ನೊಂದು ಬದಿಯ ಚೌಟುಪ್ಪಲ್‌ನಲ್ಲಿ ಘಟಕವಿರುವ ಡಿವೀಸ್ ಲ್ಯಾಬೊರೇಟರೀಸ್ ಜಗತ್ತಿನ ಅತಿ ದೊಡ್ಡ ನ್ಯಾಪ್ರಾಕ್ಸೆನ್ ತಯಾರಕರಲ್ಲೊಂದು.

ಹೊಟ್ಟೆ ಏಕೆ ಉರಿಯುತ್ತದೆ

ಜಠರದ ರಸ ಅತಿ ತೀಕ್ಷ್ಣ ಆಮ್ಲ. ಊಟವಿಲ್ಲದಾಗ ಅದರ ಪಿಎಚ್ 1.5ರಿಂದ 2ರ ಆಸುಪಾಸಿನಲ್ಲಿರುತ್ತದೆ. ಮಾಂಸವನ್ನು ಕರಗಿಸುವ ಈ ರಸ ಜಠರದ ಗೋಡೆಯನ್ನು ಕರಗಿಸದಿರಲು ಲೋಳೆಯ ಪದರ, ಅದರೊಳಗಿನ ಬೈಕಾರ್ಬೊನೇಟ್, ಗೋಡೆಗೆ ಸದಾ ಹರಿಯುವ ರಕ್ತ ಇವು ಕಾರಣ. ಮೂರನ್ನೂ ನಡೆಸುವುದು ಪ್ರೊಸ್ಟಗ್ಲಾಂಡಿನ್ ಎಂಬ ಸ್ಥಳೀಯ ಸಂದೇಶವಾಹಕ ರಾಸಾಯನಿಕ. ಗಾಯವಾದ ಕಡೆ ನೋವು, ಬಾವು ಎಬ್ಬಿಸುವುದೂ ಇದೇ ಕುಟುಂಬದ ರಾಸಾಯನಿಕಗಳೇ. ಆಸ್ಪಿರಿನ್ ಕೆಲಸ ಮಾಡುವುದು ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುವ ಮೂಲಕ ಎಂದು 1971ರಲ್ಲಿ ಬ್ರಿಟನ್ನಿನ ಜಾನ್ ವೇನ್ ತೋರಿಸಿಕೊಟ್ಟರು. 1982ರ ನೊಬೆಲ್ ಪ್ರಶಸ್ತಿಯನ್ನು ಅವರು ಬರ್ಗ್‌ಸ್ಟ್ರೋಮ್ ಮತ್ತು ಸ್ಯಾಮ್ಯುಯೆಲ್ಸನ್ ಎಂಬ ವಿಜ್ಞಾನಿಗಳೊಂದಿಗೆ ಹಂಚಿಕೊಂಡರು. ನೋವನ್ನು ತಗ್ಗಿಸುವ ಕ್ರಿಯೆಯೇ ಜಠರದ ಕಾವಲನ್ನೂ ಸಡಿಲಿಸುತ್ತದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಹಾನಿಗೆ ಎರಡು ದಾರಿಗಳಿವೆ. ಒಂದು ನೇರ ಸ್ಪರ್ಶ. ಈ ಔಷಧಗಳಲ್ಲಿ ಬಹುತೇಕವು ದುರ್ಬಲ ಆಮ್ಲಗಳು. ಜಠರದ ಆಮ್ಲದಲ್ಲಿ ಅವು ವಿದ್ಯುದಂಶವಿಲ್ಲದ ರೂಪದಲ್ಲಿದ್ದು ಜೀವಕೋಶದ ಪೊರೆಯನ್ನು ಸುಲಭವಾಗಿ ದಾಟುತ್ತವೆ; ಒಳಗೆ ಆಮ್ಲೀಯತೆ ಕಡಿಮೆಯಿರುವುದರಿಂದ ಅಯಾನುಗಳಾಗಿ ಹೊರಬರಲಾರದೆ ಅಲ್ಲೇ ಸಿಕ್ಕಿಬಿದ್ದು ಕೋಶವನ್ನು ಕೆಡಿಸುತ್ತವೆ. ಇನ್ನೊಂದು ರಕ್ತದ ದಾರಿ. ಮಾತ್ರೆ ಎಲ್ಲೇ ಕರಗಲಿ, ಚುಚ್ಚುಮದ್ದಾಗಿಯೇ ಹೋಗಲಿ, ರಕ್ತಕ್ಕೆ ಸೇರಿದ ಮೇಲೆ ಜಠರದ ಪ್ರೊಸ್ಟಗ್ಲಾಂಡಿನ್ ಇಳಿಯುತ್ತದೆ. ಗಂಭೀರ ಹುಣ್ಣು, ರಕ್ತಸ್ರಾವಗಳ ಮುಖ್ಯ ಕಾರಣ ಈ ಎರಡನೆಯದು. ಖಾಲಿ ಹೊಟ್ಟೆಯಲ್ಲಿ ನುಂಗಬೇಡಿ ಎಂಬ ಉಪದೇಶ ಮೊದಲ ದಾರಿಯನ್ನಷ್ಟೇ ಕೊಂಚ ಕಿರಿದುಮಾಡುತ್ತದೆ. ಅನ್ನ ಉಂಡು ನುಂಗಿದರೆ ಉರಿ ಕಡಿಮೆ ಅನ್ನಿಸಬಹುದು, ಆದರೆ ಹುಣ್ಣಿನ ಅಪಾಯ ಅದರಿಂದ ತಪ್ಪುವುದಿಲ್ಲ. ದೀರ್ಘಕಾಲ ಈ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬಿಬ್ಬರಿಗೆ ರಕ್ತಸ್ರಾವ ಅಥವಾ ಜಠರದಲ್ಲಿ ತೂತಾಗುವಂಥ ತೊಡಕು ಬರುತ್ತದೆ.

ಲೇಪದ ಹಾದಿ

ಆಸ್ಪಿರಿನ್ ಹುಟ್ಟಿದ್ದೇ ಹೊಟ್ಟೆಗೆ ಹಿತವಾದ ಔಷಧವಾಗಿ ಎಂಬುದನ್ನು ಈಗ ನಂಬುವುದು ಕಷ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ಸಂಧಿವಾತಕ್ಕೆ ಕೊಡುತ್ತಿದ್ದ ಸ್ಯಾಲಿಸಿಲಿಕ್ ಆಮ್ಲ ಬಾಯಿಗೂ ಹೊಟ್ಟೆಗೂ ಸಹಿಸಲಾಗದಷ್ಟು ಖಾರವಾಗಿತ್ತು. 1897ರಲ್ಲಿ ಜರ್ಮನಿಯ ಬಾಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಅದಕ್ಕೆ ಅಸಿಟೈಲ್ ಗುಂಪನ್ನು ಸೇರಿಸಿದರು. 1899ರಲ್ಲಿ ಆಸ್ಪಿರಿನ್ ಮಾರುಕಟ್ಟೆಗೆ ಬಂತು. ತಂದೆಯ ಹೊಟ್ಟೆಸಂಕಟ ನೋಡಲಾರದೆ ಹಾಫ್‌ಮನ್ ಈ ಕೆಲಸಕ್ಕಿಳಿದರೆಂಬ ಕಥೆ ಜನಪ್ರಿಯವಾದರೂ, ಶ್ರೇಯಸ್ಸು ತಮಗೆ ಸೇರಬೇಕೆಂದು ಸಹೋದ್ಯೋಗಿ ಆರ್ಥರ್ ಐಷೆನ್‌ಗ್ರ್ಯೂನ್ ಮುಂದೆ ಹೇಳಿದ್ದುಂಟು. 1938ರಲ್ಲಿ ಡೌತ್‌ವೇಟ್ ಮತ್ತು ಲಿಂಟಟ್ ಎಂಬ ಲಂಡನ್ ವೈದ್ಯರು ಜಠರದರ್ಶಕದ ಮೂಲಕ ಒಳಗೆ ನೋಡಿ, ಆಸ್ಪಿರಿನ್ ಕಣಗಳು ತಗುಲಿದ ಕಡೆ ಪೊರೆ ಕೆಂಪೇರಿ ರಕ್ತ ಒಸರುವುದನ್ನು ವರದಿ ಮಾಡಿದರು. ಹಾಗಾದರೆ ಕಣ ತಗುಲದಂತೆ ಮಾಡಿದರಾಯಿತು ಎಂಬ ತರ್ಕ ಸಹಜವಾಗಿಯೇ ಹುಟ್ಟಿತು.

ಅದರಿಂದ ಬಂದವು ಎರಡು ಬಗೆಯ ಮಾತ್ರೆಗಳು. ನೀರಿನಲ್ಲಿ ನೊರೆಯೆದ್ದು ಕರಗುವ ಡಿಸ್ಪ್ರಿನ್‌ನಂಥವು ಮೊದಲನೆಯ ಬಗೆ. ಕಣ ಒಂದೇ ಕಡೆ ಕೂರದೆ ಹರಡಿಹೋಗಲಿ ಎಂಬ ಉದ್ದೇಶ. ಎರಡನೆಯದು ಇಕೊಸ್ಪ್ರಿನ್‌ನಂಥ, ಕರುಳಿನಲ್ಲಿ ಮಾತ್ರ ಕರಗುವ ಲೇಪವುಳ್ಳ ಮಾತ್ರೆ. ಈ ಲೇಪಕ್ಕೆ ಬಳಸುವ ಮೆಥಾಕ್ರಿಲಿಕ್ ಆಮ್ಲದ ಪಾಲಿಮರ್ ಜಠರದಲ್ಲಿ ಗಟ್ಟಿಯಾಗಿಯೇ ಉಳಿದು, ಪಿಎಚ್ 5.5 ದಾಟಿದಾಗ ಅಯಾನುಗಳಾಗಿ ಕರಗುತ್ತದೆ. ಇಂಥ ಮಾತ್ರೆಯನ್ನು ಕುಟ್ಟಿ ಪುಡಿಮಾಡಿ ಕೊಟ್ಟರೆ ಲೇಪವಿಲ್ಲದ ಮಾತ್ರೆ ಕೊಟ್ಟ ಹಾಗೆಯೇ. ನುಂಗಲಾರದ ಹಿರಿಯರಿರುವ ಮನೆಗಳಲ್ಲಿ ಈ ತಪ್ಪು ಆಗಾಗ ನಡೆಯುತ್ತದೆ.

ಲೇಪದಿಂದ ಎಂಡೊಸ್ಕೊಪಿಯಲ್ಲಿ ಕಾಣುವ ಸಣ್ಣ ಗೀರುಗಾಯಗಳು ಕಡಿಮೆಯಾದವು ನಿಜ. ಆದರೆ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಕೆಲಿ ಮತ್ತು ಸಂಗಡಿಗರ ಅಧ್ಯಯನ ಆ ಸಮಾಧಾನವನ್ನು ಕಲಕಿತು. ದಿನಕ್ಕೆ 325 ಮಿ.ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಆಸ್ಪಿರಿನ್ ನುಂಗುವವರಲ್ಲಿ ದೊಡ್ಡ ರಕ್ತಸ್ರಾವದ ಸಾಪೇಕ್ಷ ಅಪಾಯ ಸಾದಾ ಮಾತ್ರೆಗೆ 2.6, ಲೇಪದ ಮಾತ್ರೆಗೆ 2.7, ಆಮ್ಲಶಾಮಕ ಬೆರೆಸಿದ ಮಾತ್ರೆಗೆ 3.1. ಅಂದರೆ ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ರಕ್ತದ ದಾರಿಯನ್ನು ಲೇಪ ಮುಚ್ಚಲಾರದು. ಹಾಗಿದ್ದೂ ಲೇಪದ ಮಾತ್ರೆ ‘ಹೊಟ್ಟೆಗೆ ಸೇಫ್’ ಎಂಬ ನಂಬಿಕೆ ಔಷಧದಂಗಡಿಗಳಲ್ಲಿ ಇಂದಿಗೂ ಅಳಿದಿಲ್ಲ.

ಅಣುವಿನ ಹಾದಿ

ಪ್ರೊಸ್ಟಗ್ಲಾಂಡಿನ್ ತಯಾರಿಸುವ ಸೈಕ್ಲೋಆಕ್ಸಿಜನೇಸ್ ಕಿಣ್ವ ಒಂದಲ್ಲ, ಎರಡು ಎಂದು 1990ರ ದಶಕದ ಆರಂಭದಲ್ಲಿ ತಿಳಿದುಬಂತು. ಕಾಕ್ಸ್-1 ಜಠರದಲ್ಲಿ ಸದಾ ಕೆಲಸದಲ್ಲಿರುತ್ತದೆ. ಕಾಕ್ಸ್-2 ಹೆಚ್ಚಾಗಿ ಉರಿಯೂತವಾದ ಕಡೆ ಎಚ್ಚರಗೊಳ್ಳುತ್ತದೆ. ಎರಡನೆಯದನ್ನಷ್ಟೇ ತಡೆದರೆ ನೋವು ಹೋಗಿ ಹೊಟ್ಟೆ ಉಳಿಯಬೇಕು. ಇಷ್ಟು ಚೊಕ್ಕ ತರ್ಕ ಔಷಧಶಾಸ್ತ್ರದಲ್ಲಿ ಅಪರೂಪ. 1998ರ ಕೊನೆಗೆ ಸೆಲೆಕಾಕ್ಸಿಬ್‌ಗೂ 1999ರಲ್ಲಿ ರೊಫೆಕಾಕ್ಸಿಬ್‌ಗೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಭಾರತದ ಕಂಪನಿಗಳೂ ಇವುಗಳ ತಯಾರಿಕೆಗೆ ಮುಗಿಬಿದ್ದವು. ಹೊಟ್ಟೆಯ ತೊಡಕು ನಿಜವಾಗಿಯೂ ಇಳಿಯಿತು, ಆದರೆ ಹೃದಯಾಘಾತ ಏರಿತು. ರಕ್ತನಾಳದ ಗೋಡೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಪ್ರೊಸ್ಟಸೈಕ್ಲಿನ್ ಬಹುಪಾಲು ಕಾಕ್ಸ್-2ರಿಂದಲೇ ಬರುತ್ತದೆ ಎಂಬುದನ್ನು ಚೊಕ್ಕ ತರ್ಕ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 2004ರ ಸೆಪ್ಟೆಂಬರ್ 30ರಂದು ಮರ್ಕ್ ಕಂಪನಿ ರೊಫೆಕಾಕ್ಸಿಬ್ ಅನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಅದೇ ವರ್ಷ ಭಾರತ ಅದನ್ನು ನಿಷೇಧಿಸಿತು, ಮರುವರ್ಷ ವಾಲ್ಡೆಕಾಕ್ಸಿಬ್ ಅನ್ನೂ. ಅಮೆರಿಕದಲ್ಲಿ ಒಪ್ಪಿಗೆ ಸಿಗದ ಎಟೊರಿಕಾಕ್ಸಿಬ್ ನಮ್ಮಲ್ಲಿ ಇಂದಿಗೂ ಮಂಡಿನೋವಿನ ಚೀಟಿಗಳಲ್ಲಿ ಮಾಮೂಲು.

ಹೈದರಾಬಾದಿಗೆ ಹೆಸರು ತಂದ ನೋವಿನ ಮಾತ್ರೆಗಳಲ್ಲೊಂದು ಡಾ. ರೆಡ್ಡೀಸ್‌ನ ‘ನೈಸ್’, ಅಂದರೆ ನಿಮೆಸುಲೈಡ್. ಕಾಕ್ಸ್-2ರ ಕಡೆಗೆ ಒಲವುಳ್ಳ ಈ ಅಣು ಹೊಟ್ಟೆಗೆ ಹಗುರವೆಂದು ಹೆಸರಾಯಿತು. ಆದರೆ ಯಕೃತ್ತಿನ ಹಾನಿಯ ಕಾರಣಕ್ಕೆ 2002ರಲ್ಲಿ ಫಿನ್ಲೆಂಡ್ ಮತ್ತು ಸ್ಪೇನ್ ಇದರ ಮಾರಾಟ ನಿಲ್ಲಿಸಿದವು. ಭಾರತ 2011ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ನಿಷೇಧಿಸಿತು.

ಯಾವ ಅಣು ಎಷ್ಟು ಒರಟು ಎಂಬುದಕ್ಕೆ ಆಕ್ಸ್‌ಫರ್ಡ್‌ನ ಸಂಶೋಧಕರು ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಕೊಟ್ಟ ಲೆಕ್ಕ ಉಪಯುಕ್ತ. ದೊಡ್ಡ ಪ್ರಮಾಣದಲ್ಲಿ ಸೇವಿಸಿದಾಗ ಮೇಲ್‌ಜೀರ್ಣಾಂಗದ ತೊಡಕಿನ ಅಪಾಯ, ಹುಸಿಮಾತ್ರೆಗೆ ಹೋಲಿಸಿದರೆ, ಕಾಕ್ಸಿಬ್‌ಗಳಲ್ಲಿ 1.81 ಪಟ್ಟು, ಡೈಕ್ಲೊಫೆನಾಕ್‌ನಲ್ಲಿ 1.89, ಐಬುಪ್ರೊಫೆನ್‌ನಲ್ಲಿ 3.97, ನ್ಯಾಪ್ರಾಕ್ಸೆನ್‌ನಲ್ಲಿ 4.22. ಹೃದಯದ ಲೆಕ್ಕಕ್ಕೆ ಬಂದರೆ ಪಟ್ಟಿ ಬಹುಮಟ್ಟಿಗೆ ತಿರುವುಮುರುವು: ಹೊಟ್ಟೆಗೆ ಅತಿ ಒರಟಾದ ನ್ಯಾಪ್ರಾಕ್ಸೆನ್ ಹೃದಯಕ್ಕೆ ಇವುಗಳಲ್ಲೆಲ್ಲ ಸೌಮ್ಯ. ನ್ಯಾಪ್ರಾಕ್ಸೆನ್‌ಗೆ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುವ ತುಣುಕೊಂದನ್ನು ಜೋಡಿಸಿ ನ್ಯಾಪ್ರಾಕ್ಸಿನಾಡ್ ತಯಾರಿಸಿದ ಫ್ರಾನ್ಸಿನ ನಿಕಾಕ್ಸ್ ಕಂಪನಿಗೆ 2010ರಲ್ಲಿ ಅಮೆರಿಕದ ಒಪ್ಪಿಗೆ ಸಿಗಲಿಲ್ಲ.

ಜೋಡಿಯ ಹಾದಿ

ಒರಟು ಔಷಧವನ್ನು ಹಾಗೆಯೇ ಇಟ್ಟುಕೊಂಡು ಜೊತೆಗೊಬ್ಬ ಕಾವಲುಗಾರನನ್ನು ಕೊಡುವುದು ಮೂರನೆಯ ಉಪಾಯ. ಕಳೆದುಹೋದ ಪ್ರೊಸ್ಟಗ್ಲಾಂಡಿನ್ ಅನ್ನು ಕೃತಕವಾಗಿ ತುಂಬುವ ಮಿಸೊಪ್ರೊಸ್ಟಾಲ್ 1988ರಲ್ಲಿ ಈ ಕೆಲಸಕ್ಕೆಂದೇ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಭೇದಿ, ಹೊಟ್ಟೆನುಲಿತ ತರುವುದರಿಂದಲೂ ಗರ್ಭಿಣಿಯರಿಗೆ ಕೊಡಲಾಗದ್ದರಿಂದಲೂ ಬಳಕೆ ವ್ಯಾಪಕವಾಗಲಿಲ್ಲ. ಜಾಗ ತುಂಬಿದ್ದು ಆಮ್ಲ ಪಂಪನ್ನೇ ನಿಲ್ಲಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಮುಂತಾದ ಆಮ್ಲಪ್ರತಿರೋಧಕಗಳ ಬಳಗ. ನಮ್ಮ ಮಾತಿನಲ್ಲಿ ‘ಗ್ಯಾಸ್ಟ್ರಿಕ್ ಮಾತ್ರೆ’. ಡಾ. ರೆಡ್ಡೀಸ್‌ನ ‘ಒಮೆಜ್’ 1990ರ ದಶಕದಿಂದ ಮನೆಮಾತು. ನೋವಿನ ಔಷಧವೂ ಅದರಿಂದ ಹೊಟ್ಟೆ ಕಾಯುವ ಔಷಧವೂ ಒಂದೇ ಸೀಮೆಯ ಕಾರ್ಖಾನೆಗಳಿಂದ ಹೊರಡುತ್ತಿವೆ. ವ್ಯಾಪಾರದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಆದರೆ ಒಮೆಪ್ರಜೋಲ್ ಆಮ್ಲದಲ್ಲಿ ಬಲುಬೇಗ ಹಾಳಾಗುತ್ತದೆ. ಕ್ಯಾಪ್ಸೂಲ್ ಬಿಚ್ಚಿದರೆ ಉದುರುವ ಸಾಬೂದಾನಿಯಂಥ ಪುಟ್ಟ ಗುಳಿಗೆಗಳಿಗೆ ಒಂದೊಂದಕ್ಕೂ ಲೇಪವಿರುವುದು ಇದೇ ಕಾರಣಕ್ಕೆ. ಲೇಪವಿದ್ದರೆ ಔಷಧ ಕರುಳು ಸೇರಿ ರಕ್ತಕ್ಕಿಳಿಯಲು ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ನೋವಿನ ಔಷಧ ಬಿಡುಗಡೆಯಾಗಿದ್ದರೆ ಕಾವಲುಗಾರ ತಡವಾಗಿ ಬಂದಂತೆ. ಅಮೆರಿಕದ ಪೋಜನ್ ಕಂಪನಿಯ ಜಾನ್ ಪ್ಲಾಚೆಟ್ಕಾ ಇದಕ್ಕೆ ತಲೆಕೆಳಗಾದ ಪರಿಹಾರ ಸೂಚಿಸಿದರು: ಮಾತ್ರೆಯ ಒಳತಿರುಳಿನಲ್ಲಿ ಲೇಪವಿರುವ ನ್ಯಾಪ್ರಾಕ್ಸೆನ್, ಹೊರಮೈಯಲ್ಲಿ ಲೇಪವೇ ಇಲ್ಲದ ಆಮ್ಲಪ್ರತಿರೋಧಕ. ಹೊರಗಿನದರಲ್ಲಿ ಒಂದಿಷ್ಟು ಹಾಳಾದರೂ ಉಳಿದದ್ದು ಬೇಗ ರಕ್ತಕ್ಕೆ ಸೇರಿ ಆಮ್ಲವನ್ನು ಇಳಿಸುತ್ತದೆ, ಆಮೇಲೆ ತಿರುಳು ಕರಗುತ್ತದೆ. ನ್ಯಾಪ್ರಾಕ್ಸೆನ್ ಮತ್ತು ಎಸೊಮೆಪ್ರಜೋಲ್ ಸೇರಿದ ಈ ಮಾತ್ರೆ 2010ರಲ್ಲಿ ‘ವಿಮೊವೊ’ ಹೆಸರಿನಲ್ಲಿ ಒಪ್ಪಿಗೆ ಪಡೆಯಿತು.

ಇದರ ಜೆನೆರಿಕ್ ರೂಪ ತರಲು ಹೊರಟ ಡಾ. ರೆಡ್ಡೀಸ್ ಮೇಲೆ ಪೇಟೆಂಟ್ ದಾವೆ ಬಿತ್ತು. ನ್ಯೂಜೆರ್ಸಿಯ ನ್ಯಾಯಾಲಯ 2017ರಲ್ಲಿ ಪೇಟೆಂಟ್ ಸಿಂಧುವೆಂದಿತು. 2019ರ ಮೇ ತಿಂಗಳಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ಲೇಪವಿಲ್ಲದ ಔಷಧ ಕೆಲಸ ಮಾಡುತ್ತದೆಂದು ಆ ಕಾಲದ ಯಾವ ತಜ್ಞನೂ ನಿರೀಕ್ಷಿಸುತ್ತಿರಲಿಲ್ಲ, ಆದ್ದರಿಂದ ಇದು ನಿಜವಾದ ಆವಿಷ್ಕಾರ ಎಂದು ಪೇಟೆಂಟ್‌ದಾರರು ವಾದಿಸಿ ಗೆದ್ದಿದ್ದರು. ಹಾಗಾದರೆ ಅದು ಕೆಲಸ ಮಾಡುತ್ತದೆಂದು ನಿಮ್ಮ ಪೇಟೆಂಟ್ ಬರಹದಲ್ಲಿ ಎಲ್ಲಿ ತೋರಿಸಿದ್ದೀರಿ ಎಂದು ಮೇಲಿನ ನ್ಯಾಯಾಲಯ ಕೇಳಿತು, ತೋರಿಸಿರಲಿಲ್ಲ. ಗೆಲ್ಲಿಸಿದ ವಾದವೇ ಸೋಲಿಸಿತು. ಔಷಧದ ಸೂತ್ರೀಕರಣ ಎಷ್ಟು ಸೂಕ್ಷ್ಮ ಕೆಲಸವೋ ಅದರ ಬರವಣಿಗೆಯೂ ಅಷ್ಟೇ ಎಂಬುದನ್ನು ಔಷಧವಿಜ್ಞಾನದ ವಿದ್ಯಾರ್ಥಿಗಳು ಈ ಪ್ರಕರಣದಿಂದ ಕಲಿಯಬಹುದು.

ಭಾರತದ ಜೋಡಿಮಾತ್ರೆಗಳ ಕಥೆ ಇಷ್ಟು ನಾಜೂಕಿನದಲ್ಲ. ಅಸೆಕ್ಲೊಫೆನಾಕ್, ಪ್ಯಾರಾಸಿಟಮಾಲ್, ರಾಬೆಪ್ರಜೋಲ್ ಮೂರನ್ನೂ ಒಂದೇ ಮಾತ್ರೆಯಲ್ಲಿಟ್ಟು ಹಲವು ಕಂಪನಿಗಳು ಮಾರುತ್ತಿದ್ದವು. 2016ರ ಮಾರ್ಚ್ 10ರಂದು ಕೇಂದ್ರ ಸರ್ಕಾರ ನಿಷೇಧಿಸಿದ 344 ಸ್ಥಿರ ಸಂಯೋಜನೆಗಳ ಪಟ್ಟಿಯಲ್ಲಿ ಮೊದಲ ಹೆಸರೇ ಇದು. ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿ, ಮರುಪರಿಶೀಲನೆಯಾಗಿ, 2018ರ ಸೆಪ್ಟೆಂಬರಿನಲ್ಲಿ 328 ಸಂಯೋಜನೆಗಳ ನಿಷೇಧ ಹೊರಬಿದ್ದಾಗಲೂ ಅದು ನಿಷೇಧದ ಪಟ್ಟಿಯಲ್ಲೇ ಉಳಿಯಿತು. 2024ರ ಆಗಸ್ಟ್‌ನಲ್ಲಿ ನಿಷೇಧವಾದ 156ರಲ್ಲಿ 50 ಮಿ.ಗ್ರಾಂ ಅಸೆಕ್ಲೊಫೆನಾಕ್ ಮತ್ತು 125 ಮಿ.ಗ್ರಾಂ ಪ್ಯಾರಾಸಿಟಮಾಲ್ ಮಾತ್ರೆ ಸೇರಿತ್ತು. ಹೊಟ್ಟೆ ಕಾಯುವುದೇ ತಪ್ಪೆಂದು ಇದರ ಅರ್ಥವಲ್ಲ. ದಿನಕ್ಕೊಮ್ಮೆ ಸಾಕಾಗುವ ಔಷಧವನ್ನು ದಿನಕ್ಕೆರಡು ಬಾರಿ ನುಂಗುವ ಔಷಧಕ್ಕೆ ಕಟ್ಟಿಹಾಕಿದರೆ ಪ್ರಮಾಣ ಹೊಂದಿಸುವ ಅವಕಾಶ ವೈದ್ಯನ ಕೈತಪ್ಪುತ್ತದೆ ಎಂಬುದು ಇಂಥ ಜೋಡಣೆಗಳಿಗಿರುವ ಮೂಲ ಆಕ್ಷೇಪ.

ಆಮ್ಲಪ್ರತಿರೋಧಕಗಳಿಗೂ ಮಿತಿಯುಂಟು. ಅವು ಜಠರವನ್ನು ಕಾಯುತ್ತವೆ, ಆಮ್ಲವೇ ಇಲ್ಲದ ಸಣ್ಣಕರುಳಿನ ಹುಣ್ಣುಗಳನ್ನು ತಡೆಯವು. ಡೈಕ್ಲೊಫೆನಾಕ್‌ನಂಥವು ಪಿತ್ತದ ಜೊತೆ ಮತ್ತೆ ಮತ್ತೆ ಕರುಳಿಗೆ ಬಂದು ಅಲ್ಲಿ ಗಾಯ ಮಾಡುತ್ತವೆ. ಡೈಕ್ಲೊಫೆನಾಕ್ ಜೊತೆ ಒಮೆಪ್ರಜೋಲ್ ಪಡೆದವರನ್ನು ಬರಿಯ ಸೆಲೆಕಾಕ್ಸಿಬ್ ಪಡೆದವರೊಂದಿಗೆ ಹೋಲಿಸಿದ, 2010ರಲ್ಲಿ ಪ್ರಕಟವಾದ ಕಾಂಡೋರ್ ಪ್ರಯೋಗದಲ್ಲಿ ಇಡೀ ಜೀರ್ಣನಾಳದ ತೊಡಕು ಮೊದಲ ಗುಂಪಿನಲ್ಲಿ ಶೇ. 3.8, ಎರಡನೆಯದರಲ್ಲಿ ಶೇ. 0.9 ಇತ್ತು.

ಕಾರ್ಖಾನೆಯ ಹೊರಗೆ

ರೋಗಿಯ ಹೊಟ್ಟೆಗೆ ಹಿತವಾದ ಮಾತ್ರೆ ತಯಾರಾಗುವ ಊರಿಗೂ ಹಿತವಾಗಿರಬೇಕೆಂದಿಲ್ಲ. ಪಟಾನ್‌ಚೆರು ವಲಯದ ತ್ಯಾಜ್ಯ ನಕ್ಕವಾಗು ಹಳ್ಳದ ಮೂಲಕ ಮಂಜೀರಾ ನದಿ ಸೇರುತ್ತದೆ. ಬೀದರ್ ಜಿಲ್ಲೆಯನ್ನು ಹಾದು ತೆಲಂಗಾಣಕ್ಕೆ ಇಳಿಯುವ ನಮ್ಮ ಮಾಂಜ್ರಾ ಇದೇ. ಕೆರೆ, ಬಾವಿ, ಗದ್ದೆಗಳು ಕೆಟ್ಟದ್ದರ ವಿರುದ್ಧ 1990ರಲ್ಲೇ ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಸ್ಥಳೀಯ ವೈದ್ಯ ಡಾ. ಎ. ಕಿಶನ್ ರಾವ್ ದಶಕಗಳ ಕಾಲ ಈ ಹೋರಾಟದ ಮುಂಚೂಣಿಯಲ್ಲಿದ್ದರು. ಸ್ವೀಡನ್ನಿನ ಯೋಕಿಮ್ ಲಾರ್ಸನ್ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಊರನ್ನು ಜಗತ್ತಿನ ವಿಜ್ಞಾನ ಪತ್ರಿಕೆಗಳಿಗೆ ಪರಿಚಯಿಸಿತು: ಸುಮಾರು 90 ಬಲ್ಕ್ ಡ್ರಗ್ ಘಟಕಗಳ ನೀರನ್ನು ಶುದ್ಧೀಕರಿಸುವ ಸಾಮೂಹಿಕ ಸ್ಥಾವರದಿಂದ ಹೊರಬೀಳುವ ನೀರಿನಲ್ಲಿ ಲೀಟರಿಗೆ 31 ಮಿ.ಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇತ್ತು. ಅದು ನೋವಿನ ಔಷಧವಲ್ಲ, ಪ್ರತಿಜೀವಕ. ಆದರೆ ಚರಂಡಿ ಎಲ್ಲಕ್ಕೂ ಒಂದೇ.

ತಯಾರಿಕಾ ವಿಧಾನ ಬದಲಿಸಿ ತ್ಯಾಜ್ಯ ಇಳಿಸಲು ಸಾಧ್ಯ ಎಂಬುದಕ್ಕೆ ಐಬುಪ್ರೊಫೆನ್‌ಗಿಂತ ಒಳ್ಳೆಯ ನಿದರ್ಶನವಿಲ್ಲ. 1960ರ ದಶಕದಲ್ಲಿ ನಾಟಿಂಗ್‌ಹ್ಯಾಮಿನ ಬೂಟ್ಸ್ ಕಂಪನಿಯಲ್ಲಿ ಸ್ಟುವರ್ಟ್ ಆಡಮ್ಸ್ ತಂಡ ರೂಪಿಸಿದ ಈ ಔಷಧದ ಮೂಲ ವಿಧಾನದಲ್ಲಿ ಆರು ಹಂತಗಳಿದ್ದವು. ಹಾಕಿದ ಪರಮಾಣುಗಳಲ್ಲಿ ಶೇ. 40ರಷ್ಟು ಮಾತ್ರ ಔಷಧದಲ್ಲಿ ಉಳಿಯುತ್ತಿದ್ದವು. 1992ರಲ್ಲಿ ಟೆಕ್ಸಾಸಿನಲ್ಲಿ ಶುರುವಾದ ಮೂರು ಹಂತಗಳ ವಿಧಾನ ಅದನ್ನು ಶೇ. 77ಕ್ಕೇರಿಸಿತು.

ಮಾತ್ರೆಯ ಮೈಕಟ್ಟಿಗೆ ಬೇಕಾದ ಸಹದ್ರವ್ಯಗಳೂ ಪಟಾನ್‌ಚೆರು ವಲಯದಲ್ಲೇ ತಯಾರಾಗುತ್ತವೆ. ಮರದ ತಿರುಳಿನಿಂದ ಮಾಡುವ ಮೈಕ್ರೊಕ್ರಿಸ್ಟಲೈನ್ ಸೆಲ್ಯುಲೋಸ್ ಎಂಬ ಬಿಳಿಪುಡಿ ಇಲ್ಲದ ಮಾತ್ರೆ ಈಗ ವಿರಳ. 2025ರ ಜೂನ್ 30ರಂದು ಪಾಶಮೈಲಾರಂನ ಸಿಗಾಚಿ ಇಂಡಸ್ಟ್ರೀಸ್‌ನ ಸೆಲ್ಯುಲೋಸ್ ಘಟಕದಲ್ಲಿ ನಡೆದ ಸ್ಫೋಟಕ್ಕೆ 40ಕ್ಕೂ ಹೆಚ್ಚು ಕಾರ್ಮಿಕರು ಬಲಿಯಾದರು; ಅನೇಕರು ಹೊರರಾಜ್ಯಗಳಿಂದ ದುಡಿಯಲು ಬಂದವರು.

ನೋವುನಿವಾರಕಗಳ ಹಾನಿ ಮನುಷ್ಯರಾಚೆಗೂ ಹಬ್ಬಿದೆ. ಡೈಕ್ಲೊಫೆನಾಕ್ ಕೊಟ್ಟ ದನಗಳ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತು, ಭಾರತದಲ್ಲಿ ಅಳಿವಿನಂಚಿಗೆ ಬಂದವು. 2006ರಲ್ಲಿ ಪಶುಗಳಿಗೆ ಡೈಕ್ಲೊಫೆನಾಕ್, 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್ ನಿಷೇಧವಾದವು. ಹದ್ದುಗಳಿಗೆ ನಿರಪಾಯವೆಂದು ಕಂಡುಬಂದ ಮೆಲಾಕ್ಸಿಕ್ಯಾಮ್ ಅವುಗಳಿಗೆ ಬದಲಿ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಉದ್ದಕೊಕ್ಕಿನ ಹದ್ದುಗಳ ಭವಿಷ್ಯಕ್ಕೂ ಈ ನಿಷೇಧಗಳಿಗೂ ನಂಟಿದೆ.

ಬಳಕೆ

ವಯಸ್ಸು 65 ದಾಟಿದವರು, ಹಿಂದೆ ಹುಣ್ಣಾಗಿದ್ದವರು, ಸ್ಟೀರಾಯ್ಡ್ ಇಲ್ಲವೇ ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ಹೃದಯಕ್ಕೆಂದು ದಿನವೂ ಆಸ್ಪಿರಿನ್ ನುಂಗುವವರು ಹೆಚ್ಚು ಅಪಾಯದಲ್ಲಿರುತ್ತಾರೆ. ಇಂಥವರಿಗೆ ವೈದ್ಯರು ಆಮ್ಲಪ್ರತಿರೋಧಕವನ್ನು ಪ್ರತ್ಯೇಕವಾಗಿ ಜೊತೆಗೆ ಬರೆಯುವುದು ರೂಢಿ. ಜಠರದಲ್ಲಿ ಹೆಲಿಕೊಬ್ಯಾಕ್ಟರ್ ಪೈಲೊರಿ ಸೋಂಕಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಮಾಡುವುದರಿಂದ ಲಾಭವಿದೆ. ಉರಿಯೂತವಿಲ್ಲದ ಬರಿಯ ನೋವು, ಜ್ವರಗಳಿಗೆ ಕೊಡುವ ಪ್ಯಾರಾಸಿಟಮಾಲ್ ಜಠರಕ್ಕೆ ಬಹುಮಟ್ಟಿಗೆ ನಿರುಪದ್ರವಿ, ಆದರೆ ವಯಸ್ಕರಲ್ಲಿ ದಿನಕ್ಕೆ 4 ಗ್ರಾಂ ಮೀರಿದರೆ ಯಕೃತ್ತಿಗೆ ಅಪಾಯ. ನೆಗಡಿ, ಮೈಕೈನೋವಿನ ಬೇರೆ ಬೇರೆ ಮಾತ್ರೆಗಳಲ್ಲೂ ಇದು ಅಡಗಿರುವುದರಿಂದ ಲೆಕ್ಕ ತಪ್ಪುವುದು ಸುಲಭ. ಮಂಡಿ, ಕೈಬೆರಳುಗಳ ಕೀಲುನೋವಿಗೆ ಡೈಕ್ಲೊಫೆನಾಕ್ ಜೆಲ್ ಹಚ್ಚಿದರೆ ರಕ್ತಕ್ಕೆ ಸೇರುವ ಔಷಧ, ಮಾತ್ರೆ ನುಂಗಿದಾಗ ಸೇರುವುದರ ಸಣ್ಣ ಪಾಲು ಮಾತ್ರ. ಹೊಟ್ಟೆಯ ಮಟ್ಟಿಗೆ ಇದು ಮಾತ್ರೆಗಿಂತ ಬಹಳ ಸುರಕ್ಷಿತ. ಆದರೂ ನಮ್ಮಲ್ಲಿ ಜೆಲ್ ಹಚ್ಚುವುದನ್ನು ಚಿಕಿತ್ಸೆಯೆಂದೇ ಬಹಳ ಮಂದಿ ಎಣಿಸುವುದಿಲ್ಲ. ಇಂಜೆಕ್ಷನ್ ಕೊಟ್ಟವರೇ ದೊಡ್ಡ ಡಾಕ್ಟರು.

ನೋವಿನ ಮಾತ್ರೆಯೇ ಹುಣ್ಣಿನ ನೋವನ್ನೂ ಮರೆಸುವುದುಂಟು. ವಯಸ್ಸಾದವರಲ್ಲಿ ಹೊಟ್ಟೆಉರಿ, ಎದೆಉರಿ ಯಾವುದೂ ಇಲ್ಲದೆ ನೇರವಾಗಿ ರಕ್ತಸ್ರಾವವೇ ಮೊದಲ ಲಕ್ಷಣವಾಗಿ ಕಾಣಿಸಿಕೊಳ್ಳಬಹುದು. ಕಪ್ಪಗೆ ಅಂಟಂಟಾದ ಮಲ, ಕಾಫಿ ಬಣ್ಣದ ವಾಂತಿ, ಕಾರಣವಿಲ್ಲದ ಸುಸ್ತು ಕಂಡರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೃದಯಕ್ಕೆಂದು ಬರೆದುಕೊಟ್ಟ ಆಸ್ಪಿರಿನ್ ಮಾತ್ರ ವೈದ್ಯರನ್ನು ಕೇಳದೆ ಬಿಡುವಂಥದ್ದಲ್ಲ.